ಕೊಲಿಸ್ಟಿನ್ ತೆರವಾದ ಜಾಗಕ್ಕೆ ಪೆಪ್ಟೈಡ್: ಕರುಳಿನ ಬ್ಯಾಕ್ಟೀರಿಯಾಗಳ ಲೆಕ್ಕ ಏನು ಹೇಳುತ್ತದೆ?

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಪರಿಚಿತರೊಬ್ಬರು ಯಾವ ಕಂಪನಿಯ ಗುತ್ತಿಗೆಗೂ ಸೇರದೆ ಸ್ವಂತವಾಗಿ ಎರಡು ಶೆಡ್ ಫಾರಂ ಕೋಳಿ ಸಾಕುತ್ತಾರೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಮೆಕ್ಕೆಜೋಳದ ಮೂಟೆಗಳ ಮೇಲೆ ಒಂದು ಕಿಲೋ ತೂಕದ ಬೆಳ್ಳಿಬಣ್ಣದ ಪೊಟ್ಟಣವೊಂದು ಕಂಡಿತು. ಒಳಗಿದ್ದ ಪುಡಿ ನೋಡಲು ಹುರಿಗಡಲೆ ಹಿಟ್ಟಿನಂತಿತ್ತು, ಬ್ರೆಡ್ಡಿನ ಹಿಟ್ಟು ಹುಳಿ ಬಂದಾಗ ಬರುವಂಥ ವಾಸನೆ ಹೊಡೆಯುತ್ತಿತ್ತು. ಪೊಟ್ಟಣದ ಮೇಲೆ ಆಂಟಿಬಯಾಟಿಕ್ ರಹಿತ, ಪೆಪ್ಟೈಡ್ ಆಧಾರಿತ, ಕರುಳಿನ ಆರೋಗ್ಯಕ್ಕೆ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರು. ಯಾವ ಪೆಪ್ಟೈಡ್, ಒಂದು ಗ್ರಾಮಿನಲ್ಲಿ ಎಷ್ಟು, ಯಾವ ಬ್ಯಾಕ್ಟೀರಿಯಾದ ಮೇಲೆ ಅದರ ಪ್ರಭಾವ ಎಂಬುದು ಮಾತ್ರ ಎತ್ತ ತಿರುಗಿಸಿದರೂ ಕಾಣಲಿಲ್ಲ. "ಮೊದಲು ಹಾಕ್ತಿದ್ದ ಔಷಧಿ ಬ್ಯಾನ್ ಆಯ್ತಲ್ಲ ಸಾರ್, ಅದರ ಬದಲಿಗೆ ಇದು ಬಂದಿದೆ ಅಂತ ಏಜೆಂಟ್ ಕೊಟ್ಟು ಹೋದ. ಇದೇನೂ ಔಷಧಿ ಅಲ್ವಂತೆ, ಬರೀ ಪ್ರೋಟೀನಂತೆ" ಎಂದರು.

ಬ್ಯಾನ್ ಆದದ್ದು ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್. ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಹಾಗೂ ಪಶು ಆಹಾರಕ್ಕೆ ಬೆರೆಸುವ ಪೂರಕವಾಗಿ ಅದನ್ನು ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ನಿಷೇಧಿಸಿತು. ಏಜೆಂಟ್ ಹೇಳದೇ ಬಿಟ್ಟ ಸಂಗತಿ ಏನೆಂದರೆ, ಆ ಕೊಲಿಸ್ಟಿನ್ ಕೂಡ ಪೆಪ್ಟೈಡೇ. ಮಣ್ಣಿನ ಬ್ಯಾಕ್ಟೀರಿಯಾವೊಂದು ತನ್ನ ನೆರೆಹೊರೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಹೆಣೆಯುವ, ಅಮೈನೋ ಆಮ್ಲಗಳ ಪುಟ್ಟ ಸರಪಣಿ ಅದು. ಹೀಗಾಗಿ ಪೆಪ್ಟೈಡ್ ಎಂಬ ಹೆಸರನ್ನು ನಿರುಪದ್ರವಿ ಎಂಬ ಅರ್ಥದಲ್ಲಿ ಓದುವುದು ಆರಂಭದಲ್ಲೇ ದಾರಿ ತಪ್ಪಿದಂತೆ. ಹಾಗೆಂದು ಮೇವಿನ ಪೆಪ್ಟೈಡ್‌ಗಳೆಲ್ಲ ಬೇರೆ ಹೆಸರಿನ ಆಂಟಿಬಯಾಟಿಕ್‌ಗಳು ಎಂದು ತಳ್ಳಿಹಾಕುವುದೂ ಸರಿಯಲ್ಲ. ಅವು ಕರುಳಿನಲ್ಲಿ ಮಾಡುವ ಕೆಲಸದ ಸ್ವರೂಪ ಸಾಕಷ್ಟು ಬೇರೆಯಾಗಿದೆ, ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೇವಿಗೆ ಆಂಟಿಬಯಾಟಿಕ್ ಬೆರೆಸುವ ರೂಢಿ ಆಕಸ್ಮಿಕವಾಗಿ ಹುಟ್ಟಿದ್ದು. 1949–50ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಜೂಕ್ಸ್ ಮತ್ತು ಸಂಗಡಿಗರು ಕೋಳಿಮರಿಗಳಿಗೆ ಬಿ-12 ಜೀವಸತ್ವದ ಮೂಲವೆಂದು ಔಷಧ ತಯಾರಿಕೆಯಲ್ಲಿ ಉಳಿದ ಚರಟವನ್ನು ತಿನ್ನಿಸುತ್ತಿದ್ದಾಗ, ಮರಿಗಳು ಲೆಕ್ಕಕ್ಕಿಂತ ಹೆಚ್ಚು ಬೆಳೆದವು. ಚರಟದಲ್ಲಿ ಉಳಿದಿದ್ದ ಕ್ಲೋರ್‌ಟೆಟ್ರಾಸೈಕ್ಲಿನ್ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಬೆಳವಣಿಗೆ ಏಕೆ ಹೆಚ್ಚಿತು ಎಂಬ ಪ್ರಶ್ನೆಗೆ ಒಳ್ಳೆಯ ಸುಳಿವು ಸಿಕ್ಕಿದ್ದು 1963ರಲ್ಲಿ. ಮೇರಿ ಕೋಟ್ಸ್ ಮತ್ತು ಸಹೋದ್ಯೋಗಿಗಳು ಹುಟ್ಟಿನಿಂದಲೇ ಕರುಳಿನಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಕೋಳಿಮರಿಗಳಿಗೆ ಆಂಟಿಬಯಾಟಿಕ್ ತಿನ್ನಿಸಿದರೆ ಅವುಗಳ ಬೆಳವಣಿಗೆಯೇನೂ ಹೆಚ್ಚಲಿಲ್ಲ. ಅಂದರೆ ಔಷಧ ಕೋಳಿಯನ್ನು ಬೆಳೆಸುತ್ತಿರಲಿಲ್ಲ, ಕೋಳಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತಿತ್ತು. ಅದಕ್ಕೆ ಪೂರಕವಾದ ಇನ್ನೊಂದು ಅನುಭವವೂ ಸಾಕಾಣಿಕೆದಾರರಲ್ಲಿದೆ: ಕೊಳಕು, ಇಕ್ಕಟ್ಟಿನ ಶೆಡ್ಡಿನಲ್ಲಿ ಈ ಔಷಧಗಳ ಲಾಭ ಎದ್ದು ಕಾಣುತ್ತದೆ, ಹೊಸದಾಗಿ ಸುಣ್ಣ ಹೊಡೆದು ಹೊಸ ಹೊಟ್ಟು ಹಾಸಿದ ಶೆಡ್ಡಿನಲ್ಲಿ ಅದು ಬಹುಮಟ್ಟಿಗೆ ಮಾಯವಾಗುತ್ತದೆ.

ಈ ರೂಢಿಯ ಬೆಲೆ ಏನೆಂಬುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ದಿನನಿತ್ಯ ಸಣ್ಣ ಪ್ರಮಾಣದಲ್ಲಿ ಔಷಧ ಉಂಡ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಜಗ್ಗದವು ಉಳಿದು ಹೆಚ್ಚುತ್ತವೆ. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ, ಚೀನಾ 2020ರಲ್ಲಿ ಅದೇ ಹಾದಿ ಹಿಡಿದವು. ಹಂದಿಮರಿಗಳ ಭೇದಿಗೆ ಔಷಧದ ಪ್ರಮಾಣದಲ್ಲಿ ಕೊಡುತ್ತಿದ್ದ ಸತುವಿನ ಆಕ್ಸೈಡನ್ನೂ ಯೂರೋಪ್ 2022ರ ಜೂನ್‌ನಲ್ಲಿ ಕೈಬಿಟ್ಟಿತು. ಒಂದೊಂದು ನಿಷೇಧವೂ ಮಾರುಕಟ್ಟೆಯಲ್ಲಿ ಒಂದು ಖಾಲಿ ಜಾಗ ಬಿಟ್ಟುಹೋಗುತ್ತದೆ. ಆ ಜಾಗಕ್ಕೆ ನುಗ್ಗುತ್ತಿರುವ ಹಲವು ಸರಕುಗಳಲ್ಲಿ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳೂ ಒಂದು.

ಈ ಪೆಪ್ಟೈಡ್‌ಗಳು ಯಾವ ಕಾರ್ಖಾನೆಯ ಕಲ್ಪನೆಯೂ ಅಲ್ಲ. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ತಂಡ ರೇಷ್ಮೆ ಪತಂಗಗಳ ಜಾತಿಯ ಸಿಕ್ರೋಪಿಯಾ ಎಂಬ ದೊಡ್ಡ ಪತಂಗದ ಕೋಶಾವಸ್ಥೆಯ ರಕ್ತದಿಂದ ಸಿಕ್ರೋಪಿನ್ ಅನ್ನು ಬೇರ್ಪಡಿಸಿತು. 1987ರಲ್ಲಿ ಅಮೆರಿಕದ ಮೈಕೇಲ್ ಜಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಮ್ಯಾಗೈನಿನ್ ಕಂಡರು. ಶಸ್ತ್ರಚಿಕಿತ್ಸೆಯ ನಂತರ ಕೊಳಕು ನೀರಿಗೆ ಬಿಟ್ಟರೂ ಕಪ್ಪೆಗಳ ಗಾಯ ಏಕೆ ಕೀವು ತುಂಬುವುದಿಲ್ಲ ಎಂಬ ಸೋಜಿಗವೇ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ನಮ್ಮ ಜಿಲ್ಲೆಯವರಿಗೆ ಹೆಚ್ಚು ಹತ್ತಿರವಾದ ಸಂಗತಿಯೆಂದರೆ, ಬೀಟಾ-ಡಿಫೆನ್ಸಿನ್ ಎಂಬ ದೊಡ್ಡ ಕುಟುಂಬದ ಮೊದಲ ಪೆಪ್ಟೈಡ್ 1991ರಲ್ಲಿ ಸಿಕ್ಕಿದ್ದು ಹಸುವಿನ ಶ್ವಾಸನಾಳದಲ್ಲಿ. ಆಮೇಲೆ ಹಸುವಿನ ನಾಲಿಗೆಯಲ್ಲಿ ಇನ್ನೊಂದು, ಕರುಗಳ ಕರುಳಿನಲ್ಲಿ ಮತ್ತೊಂದು ಸಿಕ್ಕವು. ಕರುಗಳಿಗೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ತಗುಲಿದಾಗ ಕರುಳು ಈ ಪೆಪ್ಟೈಡನ್ನು ಹೆಚ್ಚು ತಯಾರಿಸುತ್ತದೆ. ನಾವು ಸಾಕುವ ರೇಷ್ಮೆ ಹುಳುವಿನಿಂದ 1995ರಲ್ಲಿ ಬಂದದ್ದು ಮೋರಿಸಿನ್. ಕೋಳಿಯಲ್ಲಿ 14 ಬಗೆಯ ಬೀಟಾ-ಡಿಫೆನ್ಸಿನ್‌ಗಳೂ ಪೆಪ್ಟೈಡ್‌ಗಳ ಇನ್ನೊಂದು ಕುಟುಂಬವಾದ 4 ಬಗೆಯ ಕ್ಯಾಥೆಲಿಸಿಡಿನ್‌ಗಳೂ ಇವೆ. ಬ್ಯಾಕ್ಟೀರಿಯಾಗಳು ಪರಸ್ಪರ ಹೊಡೆದಾಟಕ್ಕೆ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯೊಸಿನ್‌ಗಳದ್ದು ಬೇರೆ ಬಳಗ. ಹಾಲನ್ನು ಹೆಪ್ಪುಗಟ್ಟಿಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ತಯಾರಿಸುವ ನೈಸಿನ್ ಆ ಬಳಗದ ಹಿರಿಯ. 1928ರಲ್ಲೇ ಗಮನಕ್ಕೆ ಬಂದಿದ್ದ ಅದನ್ನು ಚೀಸ್ ಕೆಡದಂತೆ ಕಾಪಾಡಲು ದಶಕಗಳಿಂದ ಬಳಸುತ್ತಿದ್ದಾರೆ.

ಇವುಗಳಲ್ಲಿ ಹೆಚ್ಚಿನವು ಕೆಲಸ ಮಾಡುವ ಕ್ರಮ ಸರಳ ವಿದ್ಯುತ್ತಿನ ಪಾಠದಂತಿದೆ. ಹತ್ತರಿಂದ ಐವತ್ತರವರೆಗಿನ ಅಮೈನೋ ಆಮ್ಲಗಳ ಈ ತುಂಡುಗಳಲ್ಲಿ ಧನ ವಿದ್ಯುದಂಶ ಹೆಚ್ಚು, ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣ ವಿದ್ಯುದಂಶ ಹೆಚ್ಚು. ಪ್ರಾಣಿಯ ಜೀವಕೋಶದ ಹೊರಮೈ ಹೆಚ್ಚುಕಡಿಮೆ ತಟಸ್ಥ, ಜೊತೆಗೆ ಅದರಲ್ಲಿ ಕೊಲೆಸ್ಟರಾಲ್ ಇರುವುದರಿಂದ ಗಟ್ಟಿ. ಹಾಗಾಗಿ ಪೆಪ್ಟೈಡ್ ಬ್ಯಾಕ್ಟೀರಿಯಾದ ಪೊರೆಗೆ ಅಂಟಿ, ಒಳಕ್ಕೆ ತೂರಿ, ತೂತು ಬೀಳಿಸುತ್ತದೆ. ನೈಸಿನ್‌ನಂಥವು ಇನ್ನೂ ಕರಾರುವಾಕ್ಕು: ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಲಿಪಿಡ್-2 ಎಂಬ ಇಟ್ಟಿಗೆಯನ್ನೇ ಹಿಡಿದು, ಅಲ್ಲಿಂದ ತೂತು ಕೊರೆಯುತ್ತವೆ.

ಪ್ರಾಣಿಯ ಮೈಯೇ ಇವನ್ನು ತಯಾರಿಸಿ ಕರುಳಿಗೆ ಸುರಿಯುತ್ತಿದ್ದರೂ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಸುಖವಾಗಿ ಇವೆಯಲ್ಲ, ಅದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇರುವುದೇ ಈ ಪ್ರಶ್ನೆಯ ಉತ್ತರದಲ್ಲಿ. 2010ರಲ್ಲಿ ನೀಟಾ ಸಾಲ್ಜ್‌ಮನ್ ತಂಡ, ಮನುಷ್ಯನ ಕರುಳಿನ ಡಿಫೆನ್ಸಿನ್ ಒಂದನ್ನು ತಯಾರಿಸುವಂತೆ ಮಾಡಿದ ಇಲಿಗಳನ್ನೂ, ತಮ್ಮದೇ ಡಿಫೆನ್ಸಿನ್‌ಗಳು ಪಕ್ವವಾಗದಂತೆ ಮಾಡಿದ ಇಲಿಗಳನ್ನೂ ಹೋಲಿಸಿ ನೋಡಿತು. ಎರಡೂ ಕಡೆ ಬ್ಯಾಕ್ಟೀರಿಯಾಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು, ಯಾವ ಬಗೆಯವು ಎಷ್ಟಿವೆ ಎಂಬುದು ಬದಲಾಗಿತ್ತು. ಮರುವರ್ಷ ಬೇರೊಂದು ತಂಡ, ಇಲಿಯ ಸಣ್ಣಕರುಳಿನ ಗೋಡೆಗೂ ಬ್ಯಾಕ್ಟೀರಿಯಾಗಳ ಸಂತೆಗೂ ನಡುವೆ ಸುಮಾರು 50 ಮೈಕ್ರೊಮೀಟರ್ ಅಗಲದ ಖಾಲಿ ಪಟ್ಟಿಯಿರುವುದನ್ನೂ, ಅದನ್ನು ಖಾಲಿಯಾಗಿ ಇಡುವುದು ಕರುಳು ಸುರಿಸುವ ಇಂಥದೇ ಒಂದು ಪ್ರೋಟೀನ್ ಎಂಬುದನ್ನೂ ತೋರಿಸಿತು. 2015ರಲ್ಲಿ ತಿಳಿದದ್ದು ಇನ್ನೂ ಸೊಗಸಾದ ಸಂಗತಿ: ಕರುಳಿನ ಕಾಯಂ ನಿವಾಸಿಗಳಾದ ಬ್ಯಾಕ್ಟೀರಾಯ್ಡಿಸ್‌ಗಳು ತಮ್ಮ ಹೊರಪೊರೆಯ ಮೇಲಿನ ಒಂದು ಫಾಸ್ಫೇಟನ್ನು ಕಿತ್ತುಹಾಕಿ ತಮ್ಮ ಋಣ ವಿದ್ಯುದಂಶವನ್ನು ತಗ್ಗಿಸಿಕೊಂಡಿರುತ್ತವೆ. ಪೆಪ್ಟೈಡ್‌ಗೆ ಅಂಟಿಕೊಳ್ಳಲು ಅಲ್ಲಿ ಹಿಡಿತವೇ ಸಿಗುವುದಿಲ್ಲ. ಉರಿಯೂತ ಬಂದು ಕರುಳು ಪೆಪ್ಟೈಡ್‌ಗಳ ಮಳೆ ಸುರಿಸಿದಾಗಲೂ ಹಳೆಯ ಒಕ್ಕಲು ಜಾಗ ಬಿಟ್ಟು ಕದಲದೆ ಇರುವುದಕ್ಕೆ ಇದು ಕಾರಣ.

ಹೀಗಾಗಿ ಪ್ರಾಣಿಯ ಮೈಯಲ್ಲಿ ಈ ಪೆಪ್ಟೈಡ್‌ಗಳ ಪಾತ್ರ ಕೊಲ್ಲುವುದಕ್ಕಿಂತ ಹೆಚ್ಚಾಗಿ ಗಡಿ ಕಾಯುವುದು ಮತ್ತು ಯಾರು ಎಷ್ಟು ಇರಬೇಕೆಂದು ಹದ ಮಾಡುವುದು. ಹೊರಗಿನಿಂದ ಮೇವಿನ ಮೂಲಕ ಕೊಟ್ಟಾಗಲೂ ಅವು ಇದೇ ಕೆಲಸ ಮಾಡುತ್ತವೆಯೇ ಎಂಬುದು ಪ್ರಯೋಗಗಳು ಉತ್ತರಿಸಬೇಕಾದ ಪ್ರಶ್ನೆ.

ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ತಾಯಿಯ ಹಾಲು ಬಿಡಿಸಿದ ಹಂದಿಮರಿಗಳ ಮೇಲೆ, ಆಮೇಲೆ ಮಾಂಸದ ಕೋಳಿಗಳ ಮೇಲೆ. ದೊಡ್ಡ ಫಾರಂಗಳಲ್ಲಿ ಮೂರು ನಾಲ್ಕು ವಾರಕ್ಕೇ ಹಾಲು ಬಿಡಿಸುವ ಹಂದಿಮರಿಗೆ ಅದು ಕಷ್ಟದ ಕಾಲ. ಹಾಲಿನಿಂದ ಬರುತ್ತಿದ್ದ ರಕ್ಷಣೆ ಒಮ್ಮೆಲೇ ನಿಂತು, ಕರುಳಿನ ಬೆರಳಿನಂಥ ವಿಲ್ಲಸ್‌ಗಳು ಕುಗ್ಗಿ, ಇ-ಕೋಲಿ ಬ್ಯಾಕ್ಟೀರಿಯಾದ ಕೆಲವು ದುಷ್ಟ ತಳಿಗಳು ಗೋಡೆಗೆ ಅಂಟಿ ಭೇದಿ ಹತ್ತಿಸುತ್ತವೆ. ಚೀನಾ ಮತ್ತು ಕೊರಿಯಾದ ತಂಡಗಳು ಸಿಕ್ರೋಪಿನ್ ಮಾದರಿಯ ಪೆಪ್ಟೈಡ್‌ಗಳನ್ನೂ ಪ್ರಯೋಗಾಲಯದಲ್ಲಿ ಜೋಡಿಸಿದ ಪೆಪ್ಟೈಡ್‌ಗಳನ್ನೂ ಮೇವಿನಲ್ಲಿ ಕೊಟ್ಟಾಗ, ಸಗಣಿಯಲ್ಲಿ ಕೋಲಿಫಾರ್ಮ್ ಮತ್ತು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಇಳಿದವು, ಕೆಲವು ಪ್ರಯೋಗಗಳಲ್ಲಿ ಕರುಳಿಗೆ ಒಳ್ಳೆಯದೆನ್ನುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಏರಿತು, ವಿಲ್ಲಸ್‌ಗಳು ಉದ್ದವಾದವು, ಮೇವು ಮೈಗೆ ಹಿಡಿಯುವುದು ಸುಧಾರಿಸಿತು. ಅಮೆರಿಕದಲ್ಲಿ 2007ರಲ್ಲಿ ಕೊಲಿಸಿನ್ ಇ-1 ಎಂಬ ಬ್ಯಾಕ್ಟೀರಿಯೊಸಿನ್ ಕೊಟ್ಟ ಹಂದಿಮರಿಗಳಲ್ಲಿ ಎಫ್-18 ತಳಿಯ ಇ-ಕೋಲಿಯಿಂದ ಬರುವ ಭೇದಿ ತಗ್ಗಿತು. ನನಗೆ ಈ ಕೊನೆಯ ಪ್ರಯೋಗ ಹೆಚ್ಚು ಹಿಡಿಸುತ್ತದೆ. ಕೊಲಿಸಿನ್ ಎಂಬುದು ಇ-ಕೋಲಿಯೇ ತನ್ನ ದಾಯಾದಿಗಳ ವಿರುದ್ಧ ಬಳಸುವ ಆಯುಧ, ದೂರದ ಬಂಧುಗಳನ್ನು ಅದು ಮುಟ್ಟುವುದಿಲ್ಲ. ಹೊಲಕ್ಕೆಲ್ಲ ಕಳೆನಾಶಕ ಹೊಡೆಯುವುದಕ್ಕೂ ಕಳೆಯೊಂದನ್ನೇ ನೋಡಿ ಕೀಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಆದರೆ ಇಂಥ ಫಲಿತಾಂಶಗಳನ್ನು ಓದುವಾಗ ಎರಡು ವಿಷಯದಲ್ಲಿ ಎಚ್ಚರ ಬೇಕು. ಮೊದಲನೆಯದು ಅಳತೆಯದು. ಈಗಿನ ಬಹುಪಾಲು ಅಧ್ಯಯನಗಳು 16ಎಸ್ ಎಂಬ ಜೀನಿನ ತುಣುಕನ್ನು ಓದಿ, ಯಾವ ಬ್ಯಾಕ್ಟೀರಿಯಾ ಶೇಕಡಾ ಎಷ್ಟು ಎಂದು ಹೇಳುತ್ತವೆ. ಸಂತೆಗೆ ತಂದ ಚೀಲದಲ್ಲಿ ರಾಗಿ, ಅವರೆ, ಹುರುಳಿ ಬೆರೆತಿವೆ ಎಂದುಕೊಳ್ಳಿ. ಅರ್ಧ ರಾಗಿಯನ್ನು ಜರಡಿ ಹಿಡಿದು ತೆಗೆದರೆ ಅವರೆಯ ಪಾಲು ತಾನಾಗಿ ಏರುತ್ತದೆ, ಒಂದೇ ಒಂದು ಅವರೆಕಾಳು ಹೆಚ್ಚಿರುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿತು ಎಂಬ ವರದಿಯನ್ನು ನೋಡಿದಾಗ ಅದು ಸಂಖ್ಯೆಯ ಏರಿಕೆಯೋ ಪಾಲಿನ ಏರಿಕೆಯೋ ಎಂದು ಕೇಳಲೇಬೇಕು. ಎರಡನೆಯದು ಜಾಗದ್ದು. ಸಗಣಿಯಲ್ಲಿ ಕಂಡದ್ದು ಸಣ್ಣಕರುಳಿನ ಕಥೆಯಾಗಿರಬೇಕೆಂದಿಲ್ಲ, ಪೆಪ್ಟೈಡ್ ಕೆಲಸ ಮಾಡಿದ್ದು ಒಂದು ಕಡೆ, ನಾವು ಅಳೆದದ್ದು ಇನ್ನೊಂದು ಕಡೆ ಆಗಿರುವುದು ಸಾಧ್ಯ.

ಜಾಗದ ಮಾತು ಬಂದಾಗ ಜೀರ್ಣಕ್ರಿಯೆಯ ಮಾತೂ ಬರುತ್ತದೆ. ಪೆಪ್ಟೈಡ್ ಎಂದರೆ ಪ್ರೋಟೀನಿನ ತುಂಡು, ಹೊಟ್ಟೆ ಇರುವುದೇ ಅಂಥವನ್ನು ಅರಗಿಸಲು. ಕೋಳಿಯ ಜಠರದ ಆಮ್ಲ ಮತ್ತು ಪೆಪ್ಸಿನ್, ಮುಂದೆ ಸಣ್ಣಕರುಳಿನ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಎಲ್ಲವನ್ನೂ ದಾಟಿ ಉಳಿದರಷ್ಟೇ ಅದರ ಕೆಲಸ. ನೈಸಿನ್ ಅನ್ನು ಕೈಮೊಟ್ರಿಪ್ಸಿನ್ ತುಂಡರಿಸಿಬಿಡುತ್ತದೆ. ಹಗ್ಗದ ಕುಣಿಕೆಯಂತೆ ಬಾಲವನ್ನು ತನ್ನದೇ ಉಂಗುರದೊಳಗೆ ತೂರಿಸಿಕೊಂಡಿರುವ ಮೈಕ್ರೊಸಿನ್ ಜೆ-25 ಎಂಬ ಪೆಪ್ಟೈಡ್ ಅಷ್ಟು ಸುಲಭವಾಗಿ ಅರಗುವುದಿಲ್ಲ, ಹಂದಿ ಮತ್ತು ಕೋಳಿಗಳ ಮೇಲೆ ಅದನ್ನು ಪರೀಕ್ಷಿಸುವ ಉತ್ಸಾಹಕ್ಕೆ ಇದೂ ಒಂದು ಕಾರಣ. ಕೋಳಿಯ ಸಣ್ಣಕರುಳಿನಲ್ಲಿ ಹುಣ್ಣು ಮಾಡುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ವಿರುದ್ಧ ದಾರಿಯ ಮಧ್ಯದಲ್ಲಿ ಕರಗಿಹೋಗುವ ಪೆಪ್ಟೈಡ್ ಕೂಡ ಸ್ವಲ್ಪ ಉಪಯೋಗಕ್ಕೆ ಬರಬಹುದು. ಮನುಷ್ಯರಿಗೆ ತೊಂದರೆ ಕೊಡುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳು ಬೀಡುಬಿಡುವುದು ಕರುಳಿನ ಕೊನೆಯಲ್ಲಿರುವ ಎರಡು ಕುರುಡು ಚೀಲಗಳಲ್ಲಿ, ಅಲ್ಲಿಯವರೆಗೆ ತಲುಪದ ಪೆಪ್ಟೈಡ್ ಅವುಗಳಿಗೆ ಏನೂ ಮಾಡದು. ಇದರ ಜೊತೆಗೆ, ನೈಸಿನ್‌ನಂಥ ಪೆಪ್ಟೈಡ್‌ಗೆ ಇ-ಕೋಲಿ, ಸಾಲ್ಮೊನೆಲ್ಲಾಗಳ ಹೊರಪೊರೆ ದಾಟಲಾಗುವುದಿಲ್ಲ, ಆದರೆ ನಾವು ಉಳಿಸಿಕೊಳ್ಳಬೇಕೆಂದಿರುವ ಲ್ಯಾಕ್ಟೋಬ್ಯಾಸಿಲಸ್ ಅದರ ಹೊಡೆತದ ವ್ಯಾಪ್ತಿಯಲ್ಲೇ ಇದೆ. ಯಾವ ಪೆಪ್ಟೈಡ್ ಎಂದು ಬರೆಯದ ಪೊಟ್ಟಣದಿಂದ ಇವುಗಳಲ್ಲಿ ಯಾವುದನ್ನೂ ಊಹಿಸಲಾಗದು. ಹಬೆ ಕೊಟ್ಟು ಎಪ್ಪತ್ತು ಎಂಬತ್ತು ಡಿಗ್ರಿ ಬಿಸಿಯಲ್ಲಿ ಪೆಲೆಟ್ ಒತ್ತುವ ಆಹಾರದಲ್ಲಿ ಅದು ಉಳಿಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ.

ಇನ್ನು ಹಾಸನ, ಚಿಕ್ಕಮಗಳೂರು ಕಡೆಯ ಮುಖ್ಯ ಪ್ರಾಣಿಯಾದ ಹಸುವಿನ ವಿಚಾರ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಡೇರಿಗಳು ಒಂದೇ ಹಾಲು ಒಕ್ಕೂಟಕ್ಕೆ ಸೇರಿದವು. ಅರಸೀಕೆರೆಯ ಬಯಲಿನಿಂದ ಮೂಡಿಗೆರೆಯ ಘಟ್ಟದವರೆಗೆ ಎಷ್ಟೋ ಮನೆಗಳ ವಾರದ ಖರ್ಚು ನಡೆಯುವುದು ಡೇರಿಯ ಬಟವಾಡೆಯಿಂದ. ಬೆಳೆದ ಹಸುವಿನ ಮಟ್ಟಿಗೆ ಪೆಪ್ಟೈಡ್ ಪುಡಿಯ ಮೇಲೆ ನನಗೆ ಹೆಚ್ಚಿನ ಭರವಸೆಯಿಲ್ಲ. ನೂರು ಲೀಟರಿನಷ್ಟು ಹಿಡಿಯುವ ಅದರ ಮೆಲುಕು ಹೊಟ್ಟೆ ತಾನೇ ಒಂದು ಹುದುಗು ಹಂಡೆ. ಅಲ್ಲಿನ ಬ್ಯಾಕ್ಟೀರಿಯಾ ಮತ್ತು ಏಕಕೋಶ ಜೀವಿಗಳು ಮೇವಿನ ಪ್ರೋಟೀನನ್ನು ಮೊದಲು ತಾವು ತಿಂದು, ಆಮೇಲೆ ತಾವೇ ಹಸುವಿಗೆ ಪ್ರೋಟೀನಾಗುತ್ತವೆ. ಹಿಂಡಿಯ ಜೊತೆ ಹಾಕಿದ ಪೆಪ್ಟೈಡ್ ಹಿಂಡಿಯಂತೆಯೇ ಅವುಗಳ ಬಾಯಿಗೆ ಹೋಗುವ ಸಂಭವ ಹೆಚ್ಚು. ನೈಸಿನ್ ಮತ್ತು ಬೋವಿಸಿನ್ ಎಂಬ ಬ್ಯಾಕ್ಟೀರಿಯೊಸಿನ್‌ಗಳು ಪ್ರಯೋಗಾಲಯದ ಸೀಸೆಯಲ್ಲಿ ಮೆಲುಕು ಹೊಟ್ಟೆಯ ದ್ರವದಿಂದ ಬರುವ ಮೀಥೇನ್ ಅನಿಲವನ್ನು ತಗ್ಗಿಸಿದ್ದು ನಿಜವೇ. ಸೀಸೆಯಲ್ಲಿ ಆದದ್ದು ಹಸುವಿನಲ್ಲಿ ದಿನಗಟ್ಟಲೆ ನಿಲ್ಲಬೇಕಾದರೆ ದಾರಿ ಇನ್ನೂ ಉದ್ದವಿದೆ.

ಕರುವಿನ ಕಥೆ ಬೇರೆ. ಹಾಲು ಕುಡಿಯುವ ಕರುವಿನ ಅನ್ನನಾಳದ ಕೊನೆಯಲ್ಲಿ ಒಂದು ತೋಡು ಇದೆ. ಕರು ಚೀಪಿದೊಡನೆ ಅದರ ಎರಡೂ ಅಂಚುಗಳು ಸೇರಿ ಕೊಳವೆಯಾಗಿ, ಹಾಲು ಮೆಲುಕು ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೆಯ ಹೊಟ್ಟೆಗೆ, ಅಂದರೆ ನಿಜವಾದ ಜಠರಕ್ಕೆ ಇಳಿಯುತ್ತದೆ. ಕರು ಈ ಅರ್ಥದಲ್ಲಿ ಹಂದಿಮರಿಯಂತೆಯೇ ಒಂದೇ ಹೊಟ್ಟೆಯ ಪ್ರಾಣಿ. ಹುಟ್ಟಿದ ಮೊದಲ ವಾರದಲ್ಲೇ ಅದನ್ನು ಕಾಡುವ ಬಿಳಿ ಭೇದಿಯ ಹಿಂದೆಯೂ ಹಲವು ಸಲ ಇ-ಕೋಲಿಯ ಕೈವಾಡವೇ ಇರುತ್ತದೆ. ಇದೇ ಕರುವಿಗೆ ಪ್ರಕೃತಿ ಪೆಪ್ಟೈಡ್‌ಗಳ ಮೊದಲ ಕಂತನ್ನು ಗಿಣ್ಣು ಹಾಲಿನಲ್ಲಿ ಇಟ್ಟಿದೆ. ಗಿಣ್ಣಿನಲ್ಲಿ ಪ್ರತಿಕಾಯಗಳಿರುವುದು ಹೆಚ್ಚಿನ ರೈತರಿಗೆ ಗೊತ್ತು. ಮಾಮೂಲಿ ಹಾಲಿಗಿಂತ ಹಲವು ಪಟ್ಟು ಹೆಚ್ಚು ಲ್ಯಾಕ್ಟೊಫೆರಿನ್ ಅದರಲ್ಲಿರುವುದು ಅಷ್ಟಾಗಿ ಗೊತ್ತಿಲ್ಲ. ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಬಿಗಿಹಿಡಿದು ಕೊಡದಿರುವುದು ಆ ಪ್ರೋಟೀನಿನ ಒಂದು ಕೆಲಸ. ಇನ್ನೊಂದು ಕೆಲಸವನ್ನು ಜಪಾನಿನ ಸಂಶೋಧಕರು 1992ರಲ್ಲಿ ತೋರಿಸಿದರು: ಪೆಪ್ಸಿನ್ ಅದನ್ನು ತುಂಡರಿಸಿದಾಗ 25 ಅಮೈನೋ ಆಮ್ಲಗಳ ಲ್ಯಾಕ್ಟೊಫೆರಿಸಿನ್ ಎಂಬ ಪೆಪ್ಟೈಡ್ ಹೊರಬರುತ್ತದೆ, ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಲ್ಲಿ ಇಡೀ ಲ್ಯಾಕ್ಟೊಫೆರಿನ್‌ಗಿಂತ ಚುರುಕು. ಕಾರ್ಖಾನೆಯ ಪೆಪ್ಟೈಡನ್ನು ಹಾಳುಮಾಡುವ ಜೀರ್ಣರಸವೇ ಇಲ್ಲಿ ಪೆಪ್ಟೈಡನ್ನು ತಯಾರಿಸಿಕೊಡುತ್ತದೆ.

ನಮ್ಮ ಕಡೆ ಗಿಣ್ಣಿನ ಪಾಡು ಏನಾಗುತ್ತದೆ ಎಂಬುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಪಕ್ಕದ ಮನೆಯ ಸೀಮೆಹಸು ಈಚೆಗೆ ಬೆಳಗಿನ ಜಾವ ಕರು ಹಾಕಿತು. ಮಾಸು ಬೀಳುವವರೆಗೆ ಕರುವಿಗೆ ಕೆಚ್ಚಲು ಬಿಡಬಾರದೆಂದು ಮನೆಯ ಅಜ್ಜಿ ಹಟ ಹಿಡಿದಿದ್ದರು. ಮಾಸು ಬಿದ್ದಾಗ ಮಧ್ಯಾಹ್ನ ಕಳೆದಿತ್ತು. ಕರು ಅಷ್ಟರಲ್ಲಿ ಒದ್ದೆ ಮೈಯಲ್ಲೇ ಎದ್ದು, ಗೋಡೆಯನ್ನೂ ಗೂಟದ ಹಗ್ಗವನ್ನೂ ನೆಕ್ಕಿ ಮುಗಿಸಿತ್ತು, ಅಂದರೆ ಕರುಳಿಗೆ ಮೊದಲು ಇಳಿದದ್ದು ಕೊಟ್ಟಿಗೆಯ ಬ್ಯಾಕ್ಟೀರಿಯಾಗಳು. ಮೊದಲ ಕರೆತದ ಗಿಣ್ಣು ಬೆಲ್ಲ, ಏಲಕ್ಕಿ ಸೇರಿ ಹಬೆಯಲ್ಲಿ ಬೆಂದು, ನಮ್ಮ ಮನೆಗೂ ಒಂದು ಬಟ್ಟಲು ಬಂತು. ರುಚಿಯಾಗಿತ್ತು, ತಿಂದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಪ್ರತಿಕಾಯಗಳನ್ನು ಹಾಗೆಯೇ ಒಳಗೆ ಬಿಟ್ಟುಕೊಳ್ಳುವ ಕರುಳಿನ ಶಕ್ತಿ ಹುಟ್ಟಿದ ಗಳಿಗೆಯಿಂದಲೇ ಇಳಿಯುತ್ತಾ ಬಂದು ಸುಮಾರು 24 ಗಂಟೆಗಳಲ್ಲಿ ಮುಗಿದೇ ಹೋಗುತ್ತದೆ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು, ಅಂದರೆ ಮೂವತ್ತು ಕಿಲೋ ಕರುವಿಗೆ ಮೂರು ಲೀಟರ್ ಗಿಣ್ಣನ್ನು ಮೊದಲ ಕೆಲವು ಗಂಟೆಗಳಲ್ಲೇ ಕುಡಿಸಬೇಕೆಂದು ಪಶುವೈದ್ಯರು ಹೇಳುವುದು ಇದೇ ಕಾರಣಕ್ಕೆ. ಆ ಕರುವಿಗೆ ನಾಲ್ಕನೆಯ ದಿನ ಭೇದಿ ಹತ್ತಿತು, ಆಂಟಿಬಯಾಟಿಕ್ ಮಾತ್ರೆ ಬಂತು. ಗಿಣ್ಣು ತಡವಾದದ್ದೇ ಭೇದಿಗೆ ಕಾರಣವೆಂದು ಒಂದು ಕರುವನ್ನು ನೋಡಿ ಹೇಳಲಾಗದು, ಆದರೆ ಪೆಪ್ಟೈಡ್ ಪುಡಿಗೆ ದುಡ್ಡು ಕೊಡಲು ಯೋಚಿಸುತ್ತಿರುವವರು ಮೊದಲು ಈ ಲೆಕ್ಕ ನೋಡಲಿ ಎಂಬುದು ನನ್ನ ಅಭಿಪ್ರಾಯ.

ಈಗ ಮತ್ತೆ ಕೊಲಿಸ್ಟಿನ್‌ಗೆ ಬರಬೇಕು, ಏಕೆಂದರೆ ಪೆಪ್ಟೈಡ್ ಮಾರುವವರು ಹೇಳುವ ಮುಖ್ಯ ಮಾತೊಂದಿದೆ: ಬ್ಯಾಕ್ಟೀರಿಯಾಗಳಿಗೆ ತಮ್ಮ ಪೊರೆಯನ್ನೇ ಬದಲಿಸಿಕೊಳ್ಳುವುದು ಕಷ್ಟ, ಹಾಗಾಗಿ ಪೆಪ್ಟೈಡ್‌ಗಳಿಗೆ ಪ್ರತಿರೋಧ ಬೆಳೆಯುವುದಿಲ್ಲ. ಮ್ಯಾಗೈನಿನ್ ಕಂಡುಹಿಡಿದ ಹೊಸದರಲ್ಲಿ ಹೀಗೆ ನಂಬಿದ ವಿಜ್ಞಾನಿಗಳೂ ಇದ್ದರು, ಜಾಸ್ಲಾಫ್ ಅವರಲ್ಲೊಬ್ಬರು. 2003ರಲ್ಲಿ ಜೀವವಿಕಾಸ ವಿಜ್ಞಾನಿ ಗ್ರಹಾಂ ಬೆಲ್ ಇದನ್ನು ಪ್ರಶ್ನಿಸಿ, ಪ್ರಾಣಿಗಳ ಸ್ವಂತ ರಕ್ಷಣೆಯನ್ನು ಹೋಲುವ ಔಷಧಗಳಿಗೆ ಪ್ರತಿರೋಧ ಹುಟ್ಟಿದರೆ ಆ ಬ್ಯಾಕ್ಟೀರಿಯಾಗಳು ನಮ್ಮ ಮೈಯ ರಕ್ಷಣೆಯನ್ನೂ ಮೀರಿಬಿಡಬಹುದು ಎಂದು ಎಚ್ಚರಿಸಿದರು. ಮೂರು ವರ್ಷಗಳ ನಂತರ, ಅದೇ ಜಾಸ್ಲಾಫ್ ಸಹಲೇಖಕರಾಗಿದ್ದ ಪ್ರಯೋಗವೊಂದರಲ್ಲಿ, ಮ್ಯಾಗೈನಿನ್ ಮಾದರಿಯ ಪೆಪ್ಟೈಡಿನ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ 600–700 ತಲೆಮಾರು ಬೆಳೆಸಿದ 24 ಬ್ಯಾಕ್ಟೀರಿಯಾ ವಂಶಗಳಲ್ಲಿ 22 ಪ್ರತಿರೋಧ ಬೆಳೆಸಿಕೊಂಡವು. ತನ್ನ ನಂಬಿಕೆಯನ್ನು ತಾನೇ ಪರೀಕ್ಷೆಗೆ ಒಡ್ಡಿ ಸೋತದ್ದನ್ನು ತನ್ನ ಹೆಸರಿನಲ್ಲೇ ಪ್ರಕಟಿಸುವ ಈ ಗುಣ ವಿಜ್ಞಾನದಲ್ಲೂ ದಿನಾ ಕಾಣುವಂಥದಲ್ಲ.

ಕೊಲಿಸ್ಟಿನ್‌ನ ಅನುಭವ ಇದನ್ನು ಪ್ರಯೋಗಾಲಯದಿಂದ ಹಂದಿಗೂಡಿಗೆ ತಂದಿತು. ಮೂತ್ರಪಿಂಡಕ್ಕೆ ಹಾನಿಯೆಂದು ಮನುಷ್ಯರಲ್ಲಿ ಬಹುಮಟ್ಟಿಗೆ ಕೈಬಿಟ್ಟಿದ್ದ ಈ ಔಷಧ, ಬೇರೆಲ್ಲ ಔಷಧಗಳೂ ಸೋತಾಗ ಉಳಿದ ಕೊನೆಯ ಅಸ್ತ್ರವೆಂದು ಆಸ್ಪತ್ರೆಗಳಿಗೆ ಮರಳಿತ್ತು. ಅದೇ ಸಮಯದಲ್ಲಿ ಅದನ್ನು ಹಂದಿ, ಕೋಳಿಗಳ ಮೇವಿಗೆ ಟನ್‌ಗಟ್ಟಲೆ ಬೆರೆಸುತ್ತಿದ್ದರು. 2015ರ ನವೆಂಬರಿನಲ್ಲಿ ಚೀನಾದ ಸಂಶೋಧಕರು ಹಂದಿಯೊಂದರಿಂದ ತೆಗೆದ ಇ-ಕೋಲಿಯಲ್ಲಿ ಎಂಸಿಆರ್-1 ಎಂಬ ಜೀನ್ ಇರುವುದನ್ನು ಪ್ರಕಟಿಸಿದರು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ಡಿಎನ್‌ಎ ಉಂಗುರದ ಮೇಲೆ ಕುಳಿತಿದ್ದ ಈ ಜೀನ್ ಮಾಡುವುದು ಇಷ್ಟೇ: ಹೊರಪೊರೆಗೆ ಒಂದು ರಾಸಾಯನಿಕ ಗುಂಪನ್ನು ಅಂಟಿಸಿ ಋಣ ವಿದ್ಯುದಂಶವನ್ನು ತಗ್ಗಿಸುತ್ತದೆ. ಕರುಳಿನ ಬ್ಯಾಕ್ಟೀರಾಯ್ಡಿಸ್‌ಗಳು ಫಾಸ್ಫೇಟ್ ಕಿತ್ತು ಮಾಡಿಕೊಂಡದ್ದನ್ನೇ ಇದು ಬೇರೆ ರೀತಿಯಲ್ಲಿ ಸಾಧಿಸುತ್ತದೆ. ಹಾಗಿದ್ದರೆ ಪ್ರಾಣಿಗಳ ಸ್ವಂತ ಪೆಪ್ಟೈಡ್‌ಗಳೂ ಇದರ ಮುಂದೆ ಸೋಲಬೇಕಲ್ಲವೇ? 2023ರಲ್ಲಿ ಆಕ್ಸ್‌ಫರ್ಡ್ ತಂಡ ಹಂದಿ, ಕೋಳಿ ಮತ್ತು ಮನುಷ್ಯರ ಪೆಪ್ಟೈಡ್‌ಗಳನ್ನು ಇ-ಕೋಲಿಯ ಮೇಲೆ ಪ್ರಯೋಗಿಸಿದಾಗ, ಎಂಸಿಆರ್-1 ಹೊತ್ತ ಬ್ಯಾಕ್ಟೀರಿಯಾಗಳು ಅವುಗಳಿಗೂ ಹೆಚ್ಚು ಜಗ್ಗದೆ ನಿಂತವು. ಮೇವಿನಲ್ಲಿ ಕೊಟ್ಟ ಪೆಪ್ಟೈಡೊಂದು ಕರುಳಿನ ಸ್ವಂತ ಪೆಪ್ಟೈಡ್‌ಗಳ ವಿರುದ್ಧ ಬ್ಯಾಕ್ಟೀರಿಯಾಗಳಿಗೆ ತಾಲೀಮು ಕೊಟ್ಟಂತಾಗಿತ್ತು.

ಇದರ ಇನ್ನೊಂದು ಮಗ್ಗುಲು ಸಮಾಧಾನಕರ. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿದ ಮೇಲೆ ಅಲ್ಲಿನ ಹಂದಿಗಳಲ್ಲಿ ಎಂಸಿಆರ್-1 ಹೊತ್ತ ಇ-ಕೋಲಿ ಗಣನೀಯವಾಗಿ ಇಳಿಯಿತು. ಪೊರೆಯನ್ನು ಬದಲಿಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ದುಬಾರಿ, ಔಷಧದ ಒತ್ತಡ ಇಲ್ಲದಾಗ ಆ ಭಾರ ಹೊತ್ತವು ಹಿಂದೆ ಬೀಳುತ್ತವೆ. ಪೆಪ್ಟೈಡ್‌ಗಳನ್ನು ಬಳಸಬಾರದು ಎಂಬ ತೀರ್ಮಾನಕ್ಕಿಂತ, ಎಲ್ಲ ಪ್ರಾಣಿಗಳಿಗೂ ಎಲ್ಲ ದಿನವೂ ಸಣ್ಣ ಪ್ರಮಾಣದಲ್ಲಿ ಬಳಸಬಾರದು ಎಂಬ ತೀರ್ಮಾನಕ್ಕೆ ಇದು ಒತ್ತುಕೊಡುತ್ತದೆ. ಹಾಲು ಬಿಡಿಸುವ ಎರಡು ವಾರ, ಭೇದಿ ಕಾಣಿಸಿಕೊಂಡ ಒಂದು ಬ್ಯಾಚು, ಗುರುತು ಹಿಡಿದ ಒಂದು ಬ್ಯಾಕ್ಟೀರಿಯಾ, ಅದಕ್ಕೆಂದೇ ಆರಿಸಿದ ಒಂದು ಪೆಪ್ಟೈಡ್: ಹೀಗೆ ಕಿರಿದಾದಷ್ಟೂ ಲಾಭ ಹೆಚ್ಚು, ಅಪಾಯ ಕಡಿಮೆ. ಮೇವಿನ ಜೊತೆ ದಿನವೂ ಒಂದು ಚಮಚ ಎಂಬ ಮಾರಾಟದ ಸೂತ್ರ ಇದಕ್ಕೆ ತದ್ವಿರುದ್ಧವಾಗಿದೆ. ಬೆಲೆಯ ವಿಷಯವೂ ಅಷ್ಟೇ. ಶುದ್ಧ ಪೆಪ್ಟೈಡನ್ನು ರಾಸಾಯನಿಕವಾಗಿ ಜೋಡಿಸುವುದು ದುಬಾರಿ, ಯೀಸ್ಟ್ ಅಥವಾ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರೆ ಅಗ್ಗ, ಆಗ ಪೊಟ್ಟಣದಲ್ಲಿರುವುದು ಪೆಪ್ಟೈಡ್ ಎಷ್ಟು, ಒಣಗಿಸಿದ ಯೀಸ್ಟ್ ಎಷ್ಟು ಎಂದು ಕೇಳಬೇಕಾಗುತ್ತದೆ. ಯೀಸ್ಟ್ ಕೂಡ ಕರುಳಿಗೆ ಒಳ್ಳೆಯದೇ ಆಗಿರಬಹುದು, ಅದನ್ನು ಯೀಸ್ಟಿನ ಬೆಲೆಗೆ ಕೊಡಲಿ.

ಚನ್ನರಾಯಪಟ್ಟಣದ ಪರಿಚಿತರು ನನ್ನ ಈ ಪಾಠವನ್ನೆಲ್ಲ ಸಹನೆಯಿಂದ ಕೇಳಿ, ಕೊನೆಗೆ ತಮ್ಮದೇ ಒಂದು ಪರೀಕ್ಷೆ ಮಾಡಿದರು. ಒಂದೇ ದಿನ ಬಂದ ಮರಿಗಳನ್ನು ಎರಡು ಶೆಡ್‌ಗಳಿಗೂ ಸಮನಾಗಿ ಹಂಚಿ, ಒಂದರ ಮೇವಿಗೆ ಮಾತ್ರ ಪುಡಿ ಬೆರೆಸಿದರು. ಎರಡನ್ನೂ ಮೊದಲೇ ಖಾಲಿ ಮಾಡಿ, ಸುಣ್ಣ ಹೊಡೆದು, ಹೊಸ ಭತ್ತದ ಹೊಟ್ಟು ಹಾಸಿದ್ದರು. ಮಾರುವ ದಿನ ತೂಗಿದಾಗ ಎರಡು ಶೆಡ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪುಡಿ ದಂಡ ಎಂದು ಅವರು ತೀರ್ಮಾನಿಸಿದ್ದಾರೆ. ನಾನು ಅಷ್ಟು ಬೇಗ ಹಾಗೆ ಹೇಳಲಾರೆ, ಏಕೆಂದರೆ ಅಂಥ ಶುಚಿಯಾದ ಶೆಡ್ಡಿನಲ್ಲಿ ಹಳೆಯ ಔಷಧ ಹಾಕಿದ್ದರೂ ತಕ್ಕಡಿ ಹೆಚ್ಚೇನೂ ಬೇರೆ ತೋರಿಸುತ್ತಿರಲಿಲ್ಲ. ಮುಂದಿನ ಬ್ಯಾಚಿಗೆ ಅವರು ಪುಡಿ ತರಿಸಿಲ್ಲ, ಸುಣ್ಣದ ಮೂಟೆ ತರಿಸಿದ್ದಾರೆ.